ಚೀನೀ ಕೇರಿಯ ಕಥೆ: ಟಾಂಗ್ರಾದಿಂದ ಟೊರಾಂಟೊಗೆ

(ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳು)



ಸಂಜೆ ಕಾಲೇಜು ಬಿಟ್ಟೊಡನೆ ತಳ್ಳುಗಾಡಿಯ ಮುಂದೆ ನಿಂತು ಗೋಬಿ ಮಂಚೂರಿ ತಿನ್ನದವರು ನಿಮ್ಮಲ್ಲಿ ಕಡಿಮೆ. ಆದರೆ ಅದು ಚೀನಾದ ತಿಂಡಿಯಲ್ಲ. 'ಮಂಚೂರಿಯನ್' ಹುಟ್ಟಿದ್ದು 1970ರ ದಶಕದ ಮುಂಬೈಯಲ್ಲಿ. ಅದನ್ನು ಮೊದಲು ಮಾಡಿದವರೆಂದು ಹೆಸರಾದ ನೆಲ್ಸನ್ ವಾಂಗ್ ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದವರು.

ಮನಿಲಾ, ಸ್ಯಾನ್‌ಫ್ರಾನ್ಸಿಸ್ಕೊ, ಲಂಡನ್ ಮುಂತಾದ ಬಂದರು ನಗರಗಳಲ್ಲಿ ಚೀನೀಯರ ಕೇರಿಗಳು ಬೆಳೆದವು. ನಮ್ಮ ದೇಶದಲ್ಲಿ ಅಂಥ ಕೇರಿ ನೆಲೆಯೂರಿದ್ದು ಅಂದಿನ ಕಲ್ಕತ್ತದಲ್ಲಿ. 18ನೇ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯು ಎಂಬ ವ್ಯಾಪಾರಿ ವಾರನ್ ಹೇಸ್ಟಿಂಗ್ಸ್‌ನಿಂದ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ತೆರೆದ. ಆತನ ಹೆಸರಿನಿಂದಲೇ ಆ ಊರು ಅಚೀಪುರವಾಯಿತು. ಚೀನೀ ಹೊಸವರ್ಷದ ವೇಳೆಗೆ ಜನ ಇಂದಿಗೂ ಆತನ ಸಮಾಧಿಗೆ ಹೋಗಿ ಊದುಬತ್ತಿ ಹಚ್ಚುತ್ತಾರೆ.

ಮುಂದೆ ಬಂದವರು ನಗರದ ನಡುವಿನ ಟಿರೆಟ್ಟಾ ಬಜಾರಿನಲ್ಲಿ ನೆಲೆಸಿದರು. ಊರಿಗೊಂದು ಕಸುಬು. ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೈ ಪ್ರಾಂತದವರು ಹಲ್ಲಿನ ವೈದ್ಯರು, ಹಕ್ಕಾ ಜನ ಷೂ ಹೊಲಿಯುವವರು, ಚರ್ಮ ಹದ ಮಾಡುವವರು. ಚರ್ಮದ ಕೆಲಸ ಮೈಲಿಗೆಯೆಂದು ನಮ್ಮ ಮೇಲುಜಾತಿಗಳು ದೂರ ನಿಂತದ್ದೇ ಹಕ್ಕಾಗಳಿಗೆ ದಾರಿಯಾಯಿತು. ಊರಾಚೆಯ ಟಾಂಗ್ರಾದ ಜೌಗುನೆಲದಲ್ಲಿ ಅವರ ಹದಗಾರಿಕೆ ಬೆಳೆಯಿತು.

ಅಷ್ಟರಲ್ಲಿ 1962ರ ಅಕ್ಟೋಬರಿನಲ್ಲಿ ಯುದ್ಧ ಬಂತು. ತಲೆಮಾರುಗಳಿಂದ ಇಲ್ಲಿದ್ದವರು ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳಾದರು. ಅಸ್ಸಾಂ, ಷಿಲ್ಲಾಂಗ್, ಡಾರ್ಜಿಲಿಂಗ್ ಕಡೆಗಳಿಂದಲೇ ಹೆಚ್ಚಾಗಿ ಸುಮಾರು ಮೂರು ಸಾವಿರ ಜನರನ್ನು, ಮಕ್ಕಳು ಮುದುಕರೆನ್ನದೆ, ರೈಲಿನಲ್ಲಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ಯಲಾಯಿತು. ಅವರ ಮೇಲೆ ವಿಚಾರಣೆ ನಡೆಯಲಿಲ್ಲ. ಮುಖದ ಚಹರೆ, ಹೆಸರುಗಳೇ ಸಾಕ್ಷಿಯಾದವು. ಕೊನೆಯವರು ಬಿಡುಗಡೆಯಾದದ್ದು 1967ರಲ್ಲಿ. ಊರಿಗೆ ಮರಳಿದ ಅನೇಕರಿಗೆ ಮನೆ, ಅಂಗಡಿ ಉಳಿದಿರಲಿಲ್ಲ. ಕಲ್ಕತ್ತದಲ್ಲೇ ಇದ್ದವರೂ ಊರು ಬಿಟ್ಟು ಹೋಗಬೇಕಾದರೆ ಪೊಲೀಸರ ಅಪ್ಪಣೆ ಪಡೆಯಬೇಕಿತ್ತು.

ನಂಬಿಕೆ ಮುರಿದ ಮೇಲೆ ಜನ ಕೆನಡಾ, ಆಸ್ಟ್ರೇಲಿಯಾಗಳತ್ತ ಹೊರಟರು. ಕೊಳಚೆಯ ಕಾರಣಕ್ಕೆ ಹದಗಾರಿಕೆಗಳನ್ನು ಊರಾಚೆ ಸಾಗಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಟಾಂಗ್ರಾದ ಹಲವು ಕಾರ್ಖಾನೆಗಳು ಹೋಟೆಲುಗಳಾದವು. ಒಂದು ಕಾಲಕ್ಕೆ ಹತ್ತಾರು ಸಾವಿರವಿದ್ದವರು ಈಗ ಎರಡು ಮೂರು ಸಾವಿರವಷ್ಟೇ ಎಂಬ ಅಂದಾಜಿದೆ.

ಸ್ವಾರಸ್ಯದ ಸಂಗತಿಯೊಂದಿದೆ. ಟೊರಾಂಟೊದಲ್ಲಿ ಇವರು ತೆರೆದ ಹೋಟೆಲುಗಳ ಬೋರ್ಡಿನ ಮೇಲೆ 'ಹಕ್ಕಾ' ಎಂದಿರುತ್ತದೆ; ಒಳಗೆ ಸಿಗುವುದು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿದ ಕಲ್ಕತ್ತದ ರುಚಿ. ಇಲ್ಲಿ ಚೀನೀಯರೆನಿಸಿದವರು ಅಲ್ಲಿ ಭಾರತದ ಅಡುಗೆಯಿಂದ ಬದುಕು ಕಟ್ಟಿಕೊಂಡರು. ಅವರ ರುಚಿಯನ್ನು ನಾವು ನಮ್ಮದೆಂದು ಒಪ್ಪಿಕೊಂಡೆವು. ಅವರನ್ನೇಕೆ ಒಪ್ಪಿಕೊಳ್ಳಲಿಲ್ಲ? ಮುಂದಿನ ಸಲ ತಳ್ಳುಗಾಡಿಯ ಮುಂದೆ ನಿಂತಾಗ ಈ ಪ್ರಶ್ನೆಯನ್ನೂ ನೆನೆಯಿರಿ.