ಎಂಜಿನ್ ಬದಲಾದ ಜೀಪಿಗೆ ಆಲ್ಟರ್ನೇಟರ್ ಕೂರಿಸುವಾಗ

(ತೋಟದ ಕುಟುಂಬಗಳ ಸಂಜೆಯ ಕೂಟದಲ್ಲಿ ಆಡಿದ ಮಾತು)



ನಮ್ಮ ನೀಲಗಿರಿ, ವಯನಾಡಿನ ತೋಟಗಳಲ್ಲಿ ಜೀಪು ಶೋಕಿಯ ವಾಹನವಲ್ಲ. ಗೊಬ್ಬರದ ಮೂಟೆ, ರೇಷನ್ ಅಕ್ಕಿ, ಶಾಲೆಯ ಮಕ್ಕಳು, ಹೆರಿಗೆ ನೋವು ಬಂದ ಹೆಣ್ಣುಮಗಳು, ಎಲ್ಲರೂ ಎಲ್ಲವೂ ಅದರಲ್ಲೇ ಇಳಿಯಬೇಕು, ಅದರಲ್ಲೇ ಹತ್ತಬೇಕು. ಮಂಜು ಕವಿದ ರಾತ್ರಿ ಘಟ್ಟದ ತಿರುವಿನಲ್ಲಿ ಹೆಡ್‌ಲೈಟು ಮಂಕಾದರೆ ಒಳಗೆ ಕೂತ ಹತ್ತು ಜನರ ಗತಿಯೇನು? ಆದ್ದರಿಂದ ಇಂದು ದೊಡ್ಡ ವಿಷಯಗಳನ್ನು ಬದಿಗಿಟ್ಟು ಆಲ್ಟರ್ನೇಟರಿನ ವಿಷಯ ಮಾತಾಡೋಣ. ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಸ್ವಲ್ಪ ಹೆಚ್ಚು ಗಮನ ಕೊಡಲಿ. ಅಕ್ಕ ತಂಗಿಯರೂ ಕೇಳಿ, ನಿಮಗೂ ಇದರಲ್ಲಿ ಒಂದು ಕೆಲಸವಿದೆ.

ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಸಿಜೆ-3ಬಿ ಎಂಬ ಜೀಪನ್ನು ಹೊರತಂದಿತು. ಅದನ್ನೇ ಮಹೀಂದ್ರಾದವರು ನಮ್ಮ ದೇಶದಲ್ಲಿ ಬಹಳ ಕಾಲ ತಯಾರಿಸಿದರು. ಅದರಲ್ಲಿದ್ದದ್ದು ಪೆಟ್ರೋಲ್ ಎಂಜಿನ್, ಚಾರ್ಜಿಗೆ ಡೈನಮೋ. ಪೆಟ್ರೋಲಿನ ಖರ್ಚು ತಡೆಯಲಾರದೆ ಅನೇಕರು ಆ ಎಂಜಿನ್ ಇಳಿಸಿ, ಗುಜರಿಗೆ ಹೋದ ಬೇರೊಂದು ಗಾಡಿಯ ಡೀಸೆಲ್ ಎಂಜಿನ್ ಏರಿಸಿದರು. ಎಂಜಿನ್ನಿನ ಜೊತೆಗೆ ಆಲ್ಟರ್ನೇಟರೂ ಬಂತು. ಆದರೆ ವೈರು ಮಾತ್ರ ಡೈನಮೋ ಕಾಲದ್ದೇ ಉಳಿಯಿತು. ತೊಂದರೆಯೆಲ್ಲಾ ಇರುವುದು ಇಲ್ಲಿಯೇ.

ಡೈನಮೋದಲ್ಲಿ ದೊಡ್ಡ ಕರೆಂಟು ಹುಟ್ಟುವುದು ತಿರುಗುವ ಭಾಗದಲ್ಲಿ. ಅಷ್ಟನ್ನೂ ಇದ್ದಿಲಿನ ಬ್ರಷ್ಷುಗಳ ಮೂಲಕವೇ ಹೊರತೆಗೆಯಬೇಕು. ಎಂಜಿನ್ ನಿಧಾನವಾಗಿ ಆಡುವಾಗ ಅದು ಚಾರ್ಜು ಕೊಡುವುದೇ ಇಲ್ಲ ಎನ್ನಬಹುದು. ಆಲ್ಟರ್ನೇಟರಿನಲ್ಲಿ ದೊಡ್ಡ ಕರೆಂಟು ಹುಟ್ಟುವುದು ಅಲುಗಾಡದೆ ಕೂತ ಸುರುಳಿಯಲ್ಲಿ. ಬ್ರಷ್ಷು ಹೊರುವುದು ಒಳಗಿನ ಅಯಸ್ಕಾಂತಕ್ಕೆ ಬೇಕಾದ ಸಣ್ಣ ಕರೆಂಟನ್ನು ಮಾತ್ರ. ಹಿಂದು ಮುಂದಾಗಿ ಹರಿಯುವ ಆ ಕರೆಂಟನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕಳುಹಿಸುತ್ತವೆ. ಲೂಕಾಸ್‌ನ ಸಿ40 ಡೈನಮೋ 22 ಆಂಪಿಯರ್ ಕೊಡುತ್ತಿತ್ತು. ಅದೇ ಲೂಕಾಸ್‌ನ 17ಎಸಿಆರ್ ಆಲ್ಟರ್ನೇಟರ್ 36 ಆಂಪಿಯರ್ ಕೊಡುತ್ತದೆ. 22ಕ್ಕೆ ಎಳೆದ ವೈರಿನಲ್ಲಿ 36 ಹರಿದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಅದೂ ನಲವತ್ತು ವರ್ಷ ಎಣ್ಣೆ, ಬಿಸಿ ತಿಂದು ಹೊದಿಕೆ ಸೀಳಿದ ವೈರು. ಹಳೆಯ ಜೀಪಿನಲ್ಲಿ ಈ ಚಾರ್ಜಿನ ದಾರಿ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರನ್ನು ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಒಂದು ನಟ್ಟು ಸಡಿಲವಾದರೆ ಸಾಕು, ಚಾಲಕನ ಮೊಣಕಾಲಿನ ಮೇಲ್ಗಡೆಯೇ ಬೆಂಕಿ.

ಆದುದರಿಂದ ಹಳೆಯ ದಾರಿಯನ್ನು ಬಿಟ್ಟುಬಿಡಿ. ಆಲ್ಟರ್ನೇಟರಿನ ದಪ್ಪ ಕಂಬದಿಂದ ಬ್ಯಾಟರಿಯ ಪ್ಲಸ್ಸಿಗೆ 10 ಚದರ ಮಿಲಿಮೀಟರಿನ ಹೊಸ ತಾಮ್ರದ ವೈರನ್ನು ನೇರವಾಗಿ ಎಳೆಯಿರಿ. ನಡುವೆ 50 ಇಲ್ಲವೆ 60 ಆಂಪಿಯರಿನ ಫ್ಯೂಸ್ ಇರಲಿ, ಅದೂ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಯಾಕೆ ಅಲ್ಲೇ ಎಂದು ಹುಡುಗರು ಕೇಳುತ್ತಾರೆ. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಅದನ್ನು ಸುಡುವಷ್ಟು ಕರೆಂಟನ್ನು ಸುರಿಯುವುದು ಬ್ಯಾಟರಿ. ತೊಟ್ಟಿಯ ಬುಡದಲ್ಲಿ ಗೇಟುವಾಲ್ ಇದ್ದರೆ ತಾನೇ ಒಡೆದ ಪೈಪಿನ ನೀರು ನಿಲ್ಲುವುದು? ಆಂಪಿಯರ್ ಮೀಟರಿನ ಜಾಗದಲ್ಲಿ ವೋಲ್ಟ್ ಮೀಟರ್ ಹಾಕಿದರೆ ಒಳ್ಳೆಯದು. ಹಳೆಯ ರೆಗ್ಯುಲೇಟರ್ ಡಬ್ಬಿಯನ್ನು ಪೂರ್ತಿ ಬಿಚ್ಚಿಬಿಡಬೇಕು, ಏಕೆಂದರೆ ಎಸಿಆರ್ ಜಾತಿಯ ಆಲ್ಟರ್ನೇಟರಿನಲ್ಲಿ ರೆಗ್ಯುಲೇಟರ್ ಒಳಗೇ ಕೂತಿದೆ. ತೀರ ಹಳೆಯ ಜೀಪುಗಳು 6 ವೋಲ್ಟಿನವು. ಅಂಥವುಗಳಲ್ಲಿ ಬಲ್ಬು, ಹಾರ್ನು, ವೈಪರ್ ಎಲ್ಲವೂ 12ಕ್ಕೆ ಬದಲಾಗಲೇಬೇಕು.

ಇನ್ನು ಸಣ್ಣ ವೈರು. ಎಷ್ಟೋ ಮೇಸ್ತ್ರಿಗಳು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಚಾವಿಯ ಸ್ವಿಚ್ಚಿನಿಂದ ಒಂದು ವೈರು ಡ್ಯಾಶಿನ ಕೆಂಪು ದೀಪಕ್ಕೆ, ದೀಪದಿಂದ ಆಲ್ಟರ್ನೇಟರಿನ ಸಣ್ಣ ಕಡ್ಡಿಗೆ. 2.2 ವಾಟಿನ ಬಲ್ಬು ಸಾಕು. ಇದು ಬರೀ ಅಲಂಕಾರದ ದೀಪವಲ್ಲ. ಒಳಗಿನ ಅಯಸ್ಕಾಂತವನ್ನು ಎಬ್ಬಿಸುವ ಮೊದಲ ಕರೆಂಟು ಈ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಚಾರ್ಜು ಮಾಡದೆ ಸುಮ್ಮನೆ ತಿರುಗಬಹುದು. ಇಪ್ಪತ್ತು ರೂಪಾಯಿಯ ಬಲ್ಬು ನೋಡದೆ ಒಳ್ಳೆಯ ಆಲ್ಟರ್ನೇಟರನ್ನೇ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಇದ್ದಾರೆ.

ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಚಾರ್ಜು ನಿಂತು ಬ್ಯಾಟರಿ ಬರಿದಾದರೆ ಎಂಜಿನ್ನೇ ನಿಂತು ವಿಷಯ ತಿಳಿಸುತ್ತದೆ. ನಾವು ಏರಿಸಿರುವ ಹಳೆಯ ಮಾದರಿಯ ಡೀಸೆಲ್ ಎಂಜಿನ್ನಿಗೆ, ಕೇಬಲ್ ಎಳೆದು ನಿಲ್ಲಿಸುವಂಥದ್ದಾದರೆ, ಒಮ್ಮೆ ಹೊತ್ತಿಕೊಂಡ ಮೇಲೆ ಕರೆಂಟೇ ಬೇಡ. ಚಾರ್ಜು ಸತ್ತರೂ ಅದು ಗುಡುಗುಟ್ಟುತ್ತಾ ಹತ್ತುತ್ತದೆ. ಹಗಲೆಲ್ಲಾ ಏನೂ ಗೊತ್ತಾಗುವುದಿಲ್ಲ. ರಾತ್ರಿ ಎರಡು ಹೆಡ್‌ಲೈಟು ಸೇರಿ ಸುಮಾರು 9 ಆಂಪಿಯರ್ ಎಳೆಯತೊಡಗಿದಾಗ ಬ್ಯಾಟರಿ ಕುಸಿಯುತ್ತದೆ, ದೀಪ ಹಳದಿಯಾಗುತ್ತದೆ, ಅಷ್ಟರಲ್ಲಿ ಗಾಡಿ ಘಟ್ಟದ ನಡುವೆ ಇರುತ್ತದೆ. ಹಾಗಾಗಿ ಡೀಸೆಲ್ ಏರಿಸಿದ ಜೀಪಿಗೆ ಆ ಕೆಂಪು ದೀಪ ಬೇಕೇ ಬೇಕು.

ಅರ್ತಿನ ವಿಷಯ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಎಂಜಿನ್ ಬದಲಿಸುವಾಗ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿಟ್ಟು ಮರೆತರೆ, ಸ್ಟಾರ್ಟರಿನ ಕರೆಂಟು ಆಕ್ಸಿಲೇಟರ್ ಕೇಬಲ್ ಹಿಡಿದು ವಾಪಸು ಹೋಗಲು ನೋಡುತ್ತದೆ. ಆ ಕೇಬಲ್ ಕಾದು ಹೊಗೆಯಾಡುತ್ತದೆ. ಪಟ್ಟಿ ಕೂರುವ ಜಾಗದ ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಕೆರೆದು ಬೋಲ್ಟು ಬಿಗಿಯಿರಿ. ಇಲ್ಲಿ ಬ್ಯಾಟರಿಯ ಮೈನಸ್ಸೇ ಬಾಡಿಗೆ ಹೋಗಬೇಕು. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಪ್ಲಸ್ಸು ಬಾಡಿಗೆ ಇರುತ್ತಿತ್ತು. ಅಂಥದ್ದಕ್ಕೆ ಈ ಆಲ್ಟರ್ನೇಟರನ್ನು ಹಾಗೆಯೇ ಜೋಡಿಸಿದರೆ, ಅಥವಾ ಬ್ಯಾಟರಿಯನ್ನು ತಿರುವುಮುರುವು ಹಾಕಿದರೆ, ಡಯೋಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತವು. ಗಾಡಿಯ ಮೇಲೆ ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿಯ ವೈರನ್ನೂ ಆಲ್ಟರ್ನೇಟರಿನ ವೈರನ್ನೂ ಕಳಚಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಿ ಚಾರ್ಜು ನೋಡುವುದು ಡೈನಮೋ ಕಾಲದ ಚಾಳಿ, ಆಲ್ಟರ್ನೇಟರಿಗೆ ಅದು ಮಾರಕ.

ಕೂರಿಸುವ ಬ್ರಾಕೆಟ್ಟಿಗೆ ತೆಳು ತಗಡು ಬೇಡ. ಡೀಸೆಲಿನ ನಡುಕಕ್ಕೆ ಅದು ಸೀಳುತ್ತದೆ. ಮೂರು ಪುಲ್ಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ನೇರವಾದ ಕಬ್ಬಿಣದ ಪಟ್ಟಿ ಇಟ್ಟು ನೋಡಿ. ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು.

ಇನ್ನೊಂದು ಎಚ್ಚರಿಕೆ, ಇದು ಬ್ರೇಕಿನದು. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ವ್ಯಾಕ್ಯೂಮ್ ಪಂಪು ಅಂಟಿಕೊಂಡಿರುತ್ತದೆ. ಬ್ರೇಕ್ ಬೂಸ್ಟರಿಗೆ ಬೇಕಾದ ಎಳೆತವನ್ನು ಕೊಡುವುದು ಅದೇ. ಎಂಜಿನ್ನಿನ ಆಯಿಲು ಸಣ್ಣ ಪೈಪಿನಲ್ಲಿ ಅದಕ್ಕೆ ಹೋಗಿ ಮರಳುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಪಂಪಿಲ್ಲದ ಆಲ್ಟರ್ನೇಟರ್ ತಂದು ಕೂರಿಸಿದರೆ, ಬೂಸ್ಟರ್ ಇರುವ ಗಾಡಿಯಲ್ಲಿ ಪೆಡಲು ಕಲ್ಲಾಗುತ್ತದೆ. ಬೂಸ್ಟರಿಲ್ಲದ ಹಳೆಯ ಜೀಪಿನಲ್ಲಿ ಆ ಭಯವಿಲ್ಲ. ಆದರೆ ಆಯಿಲ್ ಪೈಪಿನ ಬಾಯನ್ನು ಸರಿಯಾದ ಬೋಲ್ಟು ಮತ್ತು ತಾಮ್ರದ ವಾಷರ್ ಹಾಕಿ ಮುಚ್ಚದಿದ್ದರೆ ದಾರಿಯಲ್ಲಿ ಆಯಿಲೆಲ್ಲಾ ಸುರಿದು ಎಂಜಿನ್ ಹಿಡಿದುಕೊಳ್ಳುತ್ತದೆ. ಬಟ್ಟೆ ತುರುಕಿ ತಂತಿ ಕಟ್ಟುವುದು ಮುಚ್ಚಿದ ಹಾಗಲ್ಲ.

ಕೆಲಸ ಮುಗಿದ ಮೇಲೆ ಮೀಟರ್ ಇಟ್ಟು ನೋಡದೆ ಗಾಡಿ ಬಿಡಬೇಡಿ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸಬೇಕು. ಓಡುವಾಗ 13.8ರಿಂದ 14.4ರ ನಡುವೆ. ಹೆಡ್‌ಲೈಟು ಹಾಕಿ ಎಂಜಿನ್ ಸ್ವಲ್ಪ ಏರಿಸಿದಾಗಲೂ 13.5ಕ್ಕಿಂತ ಕೆಳಗಿಳಿಯಬಾರದು. ಹಾಗೆಯೇ ದೀಪ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಸರಿಯಿಲ್ಲ. 15 ವೋಲ್ಟು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿದು ಹೋಗುತ್ತದೆ.

ಎಂಜಿನ್ ಬದಲಿಸಿದ್ದು ಆರ್‌ಸಿ ಪುಸ್ತಕದಲ್ಲಿ ಏರಿದೆಯೇ ಎಂಬುದನ್ನೂ ಮಾಲೀಕರನ್ನು ಕೇಳಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದಕ್ಕೆ ಸಂಬಂಧಪಟ್ಟದ್ದು. ಅಪಘಾತವಾದ ದಿನ ಪರಿಹಾರಕ್ಕಾಗಿ ಅಲೆಯಬೇಕಾದವರು ಹಿಂದೆ ಕೂತ ನಾವೇ.

ಈಗ ಅಕ್ಕ ತಂಗಿಯರಿಗೆ ಹೇಳಿದ ಆ ಕೆಲಸ. ಜೀಪು ಹತ್ತಿದಾಗ ಮುಂದಿನ ಸೀಟಿನಲ್ಲಿ ಕೂತವರು ಡ್ಯಾಶಿನ ಕಡೆ ಕಣ್ಣು ಹಾಯಿಸಿ. ಚಾವಿ ತಿರುಗಿಸಿದಾಗ ಕೆಂಪು ದೀಪ ಹತ್ತಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ, ಅಥವಾ ದಾರಿಯಲ್ಲಿ ಮತ್ತೆ ಹತ್ತಿತೆಂದರೆ, ಡ್ರೈವರಣ್ಣ ಬೇಸರಪಟ್ಟುಕೊಂಡರೂ ಸರಿ, ಕತ್ತಲಾಗುವ ಮೊದಲೇ ಗಾಡಿ ನಿಲ್ಲಿಸಿ ಬೆಲ್ಟು ನೋಡು ಎಂದು ಹೇಳಿ.