ಹಾರ್ಮೋನು, ರಕ್ತನಾಳ ಮತ್ತು ನಮ್ಮೂರ ತಾಯಂದಿರು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯ ಗುರುಗಳು ಫೋನ್ ಮಾಡಿ, "ಬೆಂಗಳೂರಾಗ ಸಾಫ್ಟ್‌ವೇರ್ ಇಂಜಿನಿಯರ್ ಇದ್ದೀಪಾ, ವಿಜ್ಞಾನದ ಬಗ್ಗೆ ಹತ್ತು ನಿಮಿಷ ಮಾತಾಡು" ಅಂದರು. ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಕಾಯುತ್ತಿರಬಹುದು. ಅದನ್ನು ಈ ಮಕ್ಕಳು ಮೊಬೈಲಿನಲ್ಲೇ ಕಲಿಯುತ್ತಾರೆ. ನಾನು ಇವತ್ತು ಹೇಳುವುದು ರಕ್ತನಾಳದ ವಿಷಯ. ನಾನು ಓದಿದ್ದು ಬಿ.ಇ., ಡಾಕ್ಟರ್ ಅಲ್ಲ. ಆದರೂ ಈ ವಿಷಯ ಹಿಡಿದದ್ದಕ್ಕೆ ಕಾರಣ ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಚಿಗವ್ವ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳು ತಮ್ಮಾ, ನಂದಂತೂ ಆಗಿ ಹೋಯ್ತು, ಬ್ಯಾರೆಯವರಿಗರ ಗೊತ್ತಾಗ್ಲಿ" ಅಂದಿದ್ದಾಳೆ.

ನಾನು ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದೆ. ಚಿಗವ್ವನಿಗೆ ಆಗ 32 ವರ್ಷ. ಹೊಟ್ಟೆ ನೋವು, ಬಿಳಿ ಹೋಗುವುದು. ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿ, "ಗರ್ಭಚೀಲ ಕೆಟ್ಟದ, ಬಿಟ್ರ ಕ್ಯಾನ್ಸರ್ ಆಗ್ತದ" ಎಂದರು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾರು ಏನು ಕೇಳುತ್ತಾರೆ? ತೊಗರಿ ಮಾರಿದ ರೊಕ್ಕ ಸಾಲದೆ ಮೇಲೆ ಬಡ್ಡಿ ಸಾಲ ತಂದು ಮೂರನೇ ದಿನವೇ ಆಪರೇಷನ್ ಮಾಡಿಸಿದರು. ಆರು ವರ್ಷಕ್ಕೆ ಬಿ.ಪಿ. ಬಂತು. 44ಕ್ಕೆ ಲಕ್ವಾ ಹೊಡೆಯಿತು. ಅವಳ ಎಡಗೈ ಇಂದಿಗೂ ರೊಟ್ಟಿ ಬಡಿಯುವಾಗ ಮಾತು ಕೇಳುವುದಿಲ್ಲ.

ಆಗ ಅವಳನ್ನು ನೋಡಿದ ಕಲಬುರಗಿಯ ಒಬ್ಬ ವೈದ್ಯೆ ಮೊದಲು ಕೇಳಿದ್ದು, "ಗರ್ಭಕೋಶದ ಜೊತೆ ಅಂಡಾಶಯನೂ ತೆಗೆದಾರೇನು?" ಎಂದು. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೈಗೆ ಲಕ್ವಾ ಹೊಡೆದರೆ ಅಂಡಾಶಯದ ಮಾತೇಕೆ ಎಂದು ನನಗೆ ಅರ್ಥವಾಗಲಿಲ್ಲ. ಅಲ್ಲಿಂದ ನನ್ನ ಓದು ಶುರುವಾಯಿತು.

ಶಾಲೆಯಲ್ಲಿ ನಾವು ರಕ್ತನಾಳವನ್ನು ಕೊಳವೆಯ ಹಾಗೆ ಬರೆದೆವು. ಕೆಂಪು ಬಣ್ಣ ಅಪಧಮನಿಗೆ, ನೀಲಿ ಅಭಿಧಮನಿಗೆ. ನಾನೂ ಅದನ್ನು ಹೊಲದ ಪೈಪ್ ಎಂದೇ ತಿಳಿದಿದ್ದೆ. ಆದರೆ ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕೆ ಇದೆ. ಅದರ ಒಳಮೈಗೆ ಒಂದೇ ಸಾಲು ಜೀವಕೋಶಗಳ ತೆಳ್ಳನೆಯ ಪದರ. ಅದರ ಹೊರಗೆ ಬಿಗಿಯುವ, ಸಡಿಲುವ ಸ್ನಾಯು. ಈ ಒಳಪದರ ಸುಮ್ಮನೆ ಹಾಸಿದ ಹಾಸು ಎಂದೇ ವಿಜ್ಞಾನಿಗಳೂ ಬಹಳ ಕಾಲ ನಂಬಿದ್ದರು.

ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಎಂಬುವರು ಮೊಲದ ದೊಡ್ಡ ರಕ್ತನಾಳದ ತುಣುಕಿನ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡುತ್ತಿದ್ದರು. ಕೆಲವು ತುಣುಕು ಸಡಿಲಾಗುತ್ತಿದ್ದವು, ಕೆಲವು ಬಿಗಿಯುತ್ತಿದ್ದವು. ಹುಡುಕಿದಾಗ ಸಿಕ್ಕ ಕಾರಣ ಇದು: ತುಣುಕು ಸಿದ್ಧಪಡಿಸುವಾಗ ಒಳಮೈ ಉಜ್ಜಿ ಹೋಗಿದ್ದರೆ ನಾಳ ಸಡಿಲಾಗುವುದಿಲ್ಲ. ಅಂದರೆ ಸಡಿಲಾಗು ಎಂದು ಸ್ನಾಯುವಿಗೆ ಹೇಳುವುದು ಆ ಒಂದೇ ಸಾಲಿನ ಜೀವಕೋಶಗಳು. ಇದನ್ನು ಅವರು 1980ರಲ್ಲಿ ಪ್ರಕಟಿಸಿದರು. ಆ ಜೀವಕೋಶಗಳು ಕಳಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್ ಬಂತು. ಬಿಟ್ಟುಬಿಡಬಹುದಾಗಿದ್ದ ಒಂದು ಗೊಂದಲವನ್ನು ಬಿಡದೆ ಹಿಡಿದದ್ದಕ್ಕೆ ಸಿಕ್ಕ ಫಲ ಅದು. ಪ್ರಯೋಗದ ಉತ್ತರ ತಪ್ಪು ಬಂದರೆ ಗೆಳೆಯನ ರೆಕಾರ್ಡ್ ನೋಡಿ ಬರೆಯುತ್ತಿದ್ದ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು.

ಈಗ ಹಾರ್ಮೋನಿಗೆ ಬರೋಣ. ಗುಡಿಯ ಮೈಕಿನಲ್ಲಿ ರೇಷನ್ ಬಂದಿದೆ ಎಂದು ಕೂಗಿದರೆ ಊರಿಗೆಲ್ಲ ಕೇಳುತ್ತದೆ, ಚೀಲ ಹಿಡಿದು ಏಳುವವರು ಕಾರ್ಡ್ ಇದ್ದವರು ಮಾತ್ರ. ಗ್ರಂಥಿಯಿಂದ ಹೊರಟ ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ, ಅದಕ್ಕೆ ತಕ್ಕ ಗ್ರಾಹಕ ಇರುವ ಜೀವಕೋಶ ಮಾತ್ರ ಉತ್ತರ ಕೊಡುತ್ತದೆ. ಅದೂ ಎಲ್ಲ ಕಡೆ ಒಂದೇ ಉತ್ತರವಲ್ಲ. ಗಣಿತದ ಪರೀಕ್ಷೆಯ ದಿನ ಕೈ ತಣ್ಣಗಾಗುತ್ತಿತ್ತಲ್ಲ? ಅಡ್ರಿನಲಿನ್ ಚರ್ಮದ ರಕ್ತನಾಳವನ್ನು ಬಿಗಿಯುತ್ತದೆ, ಓಡಲು ಬೇಕಾದ ಸ್ನಾಯುಗಳ ರಕ್ತನಾಳವನ್ನು ತೆರೆಯುತ್ತದೆ. ಗ್ರಾಹಕ ಬೇರೆ, ಉತ್ತರ ಬೇರೆ. ನಮ್ಮೂರಲ್ಲಿ ಅನೇಕರು ನುಂಗುವ ಟೆಲ್ಮಿಸಾರ್ಟನ್ ಗುಳಿಗೆಯ ಕೆಲಸವೂ ಇದೇ ಜಾಗದಲ್ಲಿ. ರಕ್ತನಾಳವನ್ನು ಬಿಗಿಯುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಬಂದು ಕೂರುವ ಗ್ರಾಹಕವನ್ನು ಅದು ಮೊದಲೇ ಹಿಡಿದು ಕೂರುತ್ತದೆ. ಗುಳಿಗೆ ಬಿಟ್ಟರೆ ಜಾಗ ಖಾಲಿ. "ಬಿ.ಪಿ. ನಾರ್ಮಲ್ ಆಗ್ಯದ, ಬಿಟ್ಟೀನಿ" ಎನ್ನುವ ಕಾಕಾಗಳು ಇಲ್ಲಿ ಇದ್ದಾರೆ, ಹೆಸರು ಹೇಳುವುದಿಲ್ಲ.

ಹೆಣ್ಣುಮಕ್ಕಳ ಅಂಡಾಶಯದಿಂದ ಬರುವ ಈಸ್ಟ್ರೋಜೆನ್‌ಗೂ ರಕ್ತನಾಳದ ಒಳಪದರದಲ್ಲಿ ಗ್ರಾಹಕಗಳಿವೆ. ಈಸ್ಟ್ರೋಜೆನ್ ಬಂದು ಕೂತರೆ ಆ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ಹೆಚ್ಚು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ನಾಳ ಸಡಿಲಾಗುತ್ತದೆ. ನಿಧಾನವಾಗಿ ನಡೆಯುವ ಇನ್ನೊಂದು ಕೆಲಸವೂ ಇದೆ: ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನೇ ಹೆಚ್ಚಿಸುವುದು. ಮುಟ್ಟು ನಿಲ್ಲುವ ಮೊದಲು ಹೆಂಗಸರಲ್ಲಿ ಹೃದಯಾಘಾತ ಗಂಡಸರಿಗಿಂತ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಮುಟ್ಟು ನಿಂತ ಮೇಲೆ ಈ ಹಾರ್ಮೋನು ಇಳಿಯುತ್ತದೆ, ಅದು ಸಹಜ. ಆದರೆ 30-35ರ ವಯಸ್ಸಿನಲ್ಲಿ ಎರಡೂ ಅಂಡಾಶಯ ತೆಗೆದರೆ ಹತ್ತು ಹದಿನೈದು ವರ್ಷ ಮೊದಲೇ, ಕೆಲವೇ ದಿನಗಳಲ್ಲಿ ಅದು ನಿಂತುಹೋಗುತ್ತದೆ. ಅಂಥವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅಂಡಾಶಯ ಬೇಗ ಸೋಲುತ್ತದೆ. ಚಿಗವ್ವನ ಲಕ್ವಾಕ್ಕೆ ಇದೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಒಬ್ಬರ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ಇದು ಒಬ್ಬರ ಕಥೆಯಲ್ಲ. ಕಲಬುರಗಿಯ ತಾಂಡಾಗಳ ಲಂಬಾಣಿ ಮಹಿಳೆಯರು, ದಲಿತ ಮಹಿಳೆಯರು, ಎರಡು ಸಾವಿರಕ್ಕೂ ಹೆಚ್ಚು ಜನ ಹೀಗೆ ಗರ್ಭಕೋಶ ಕಳೆದುಕೊಂಡದ್ದು ಹೊರಗೆ ಬಂತು. ಅವರಲ್ಲಿ ಎಷ್ಟೋ ಜನ 40 ದಾಟದವರು. ಸಂಘಟನೆಗಳು ದನಿ ಎತ್ತಿ, ತನಿಖೆ ನಡೆದು, 2015ರಲ್ಲಿ ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. 2017ರಲ್ಲಿ ಆ ಮಹಿಳೆಯರೇ ನ್ಯಾಯ ಕೇಳಿ ಕಲಬುರಗಿಯಲ್ಲಿ ಬೀದಿಗಿಳಿದರು. ಇಂಥ ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಎಲ್ಲ ಆಪರೇಷನ್ ತಪ್ಪಲ್ಲ. ನಿಜವಾದ ಕ್ಯಾನ್ಸರ್ ಇದ್ದರೆ, ರಕ್ತಸ್ರಾವ ಯಾವ ಔಷಧಕ್ಕೂ ನಿಲ್ಲದಿದ್ದರೆ ಅದು ಜೀವ ಉಳಿಸುತ್ತದೆ. ಆದರೆ ಬಿಳಿ ಹೋಗುವುದು ಬಹಳ ಸಲ ಗುಳಿಗೆಯಿಂದ ವಾಸಿಯಾಗುವ ಸೋಂಕು. ತಾಯಂದಿರೇ, ತೆಗೆಯಬೇಕು ಎಂದರೆ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ. ಸರಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರಿಗೆ ತೋರಿಸಿ. "ಅಂಡಾಶಯ ಉಳಿಸ್ತೀರೇನ್ರಿ?" ಎಂದು ಕೇಳಿ. ಗಂಡಸರೇ, ಜೊತೆಗೆ ಹೋದಾಗ ಹೊರಗೆ ಚಹಾ ಕುಡಿಯುತ್ತಾ ನಿಲ್ಲಬೇಡಿ, ಒಳಗೆ ಹೋಗಿ ಕೇಳಿ. ನಮ್ಮ ಕಾಕಾ ಅಂದು ಕೇಳಲಿಲ್ಲ ಎಂಬ ಕೊರಗು ಅವರಿಗೆ ಇಂದಿಗೂ ಇದೆ.

ಈಗಾಗಲೇ ಆದವರು ಹೆದರಬೇಡಿ. ಆದರೆ ಈ ಮಾತು ಕೇಳಿ ಯಾರೂ ಅಂಗಡಿಯಿಂದ ಹಾರ್ಮೋನ್ ಗುಳಿಗೆ ತಂದು ನುಂಗಬೇಡಿ. ವಯಸ್ಸಾದ ಮಹಿಳೆಯರಿಗೆ ಹಾರ್ಮೋನು ಕೊಟ್ಟು ನೋಡಿದ ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಹೃದಯಕ್ಕೆ ಲಾಭವಾಗುವ ಬದಲು ತೊಂದರೆ ಹೆಚ್ಚಾಗಿತ್ತು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಹೋದವರಿಗೆ ವೈದ್ಯರು ಪರೀಕ್ಷಿಸಿ ಕೊಡುವುದುಂಟು, ಅದು ಅವರ ಲೆಕ್ಕ. ನಿಮ್ಮ ಕೈಯಲ್ಲಿರುವುದು ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸುವುದು, ಉಪ್ಪು ಕಡಿಮೆ ಮಾಡುವುದು, ನಡೆಯುವುದು, ತಂಬಾಕು ಬಿಡುವುದು.

ಊಟದ ನಂತರ ಹತ್ತನೇ ತರಗತಿಯ ಕೋಣೆಯಲ್ಲಿ ಆಶಾ ಕಾರ್ಯಕರ್ತೆಯರು ಬಿ.ಪಿ. ನೋಡುತ್ತಾರೆ. ಬಂದ ಕೂಡಲೇ ಕೈ ಚಾಚಬೇಡಿ, ಐದು ನಿಮಿಷ ಸುಮ್ಮನೆ ಕೂತಿರಿ. ಆಪರೇಷನ್ ಆದವರು ಹಳೆಯ ಕಾಗದ ಮನೆಯಲ್ಲಿದ್ದರೆ ತನ್ನಿ, ಅದರಲ್ಲಿ ಏನೇನು ತೆಗೆದಿದ್ದಾರೆಂದು ಬರೆದಿದೆಯೋ ಓದಿ ಹೇಳಲು ನಾನೂ ಅಲ್ಲೇ ಇರುತ್ತೇನೆ. ಮೊದಲು ಕೂರುವವಳು ನಮ್ಮ ಚಿಗವ್ವ.