ಬೆತ್ತವಿಲ್ಲದ ಪಾಠಶಾಲೆ

ಶೀಲವನ್ನು ಬೆತ್ತದಿಂದ ತಿದ್ದಬಹುದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ಇದನ್ನೊಪ್ಪದವರಲ್ಲಿ ಇಟಲಿಯ ಟ್ಯೂರಿನ್ ನಗರದ ಕ್ಯಾಥೊಲಿಕ್ ಪಾದ್ರಿ ಡಾನ್ ಬಾಸ್ಕೊ (1815–1888) ಒಬ್ಬರು. ದಿಕ್ಕಿಲ್ಲದ ಹುಡುಗರನ್ನು ಕೂಡಿಸಿ ಅವರಿಗೆ ವಿದ್ಯೆಯನ್ನೂ ಪ್ರಾರ್ಥನೆಯನ್ನೂ ಕಲಿಸಿದರು. ಅವರನ್ನು ಕಸಬು ಕಲಿಯಲು ಯಜಮಾನರಲ್ಲಿ ಬಿಡುವಾಗ ಕರಾರುಪತ್ರವನ್ನೇ ಬರೆಸುತ್ತಿದ್ದರು: ತಪ್ಪನ್ನು ಮಾತಿನಿಂದ ತಿದ್ದತಕ್ಕದ್ದು, ಹೊಡೆಯಕೂಡದು, ಹಬ್ಬದ ದಿನ ಬಿಡುವು ಕೊಡತಕ್ಕದ್ದು. ದೈವಭಕ್ತಿಯೊಂದೇ ಸಾಕೆಂದು ಕೈಕಟ್ಟಿ ಕೂರದೆ ಛಾಪಾ ಕಾಗದಕ್ಕೂ ಕೈಹಾಕಿದರಲ್ಲ, ಅದು ನನಗೆ ಬಹು ದೊಡ್ಡದಾಗಿ ಕಾಣುತ್ತದೆ.

1877ರಲ್ಲಿ ತಮ್ಮ ಪದ್ಧತಿಯನ್ನು ಬರೆದಿಟ್ಟಾಗ ವಿವೇಕ, ಧರ್ಮ, ವಾತ್ಸಲ್ಯಗಳನ್ನು ಅದರ ಆಧಾರಗಳೆಂದರು. ವಾತ್ಸಲ್ಯವೆಂದರೆ ಸಲಿಗೆಯಲ್ಲ, ಶ್ರೋತೃಗಳೇ. ಉಪಾಧ್ಯಾಯನು ಆಟದ ಬಯಲಿನಲ್ಲಿಯೂ ಹುಡುಗರ ನಡುವೆಯೇ ಇದ್ದು, ತಪ್ಪು ನಡೆಯುವ ಮುನ್ನವೇ ಎಚ್ಚರಿಸತಕ್ಕದ್ದು. ಬೆತ್ತವೇ ಸುಲಭವೆಂದು ತೋರಿದರೆ ಆಶ್ಚರ್ಯವೇನು? ಅವರಲ್ಲಿ ಓದಿದ ತಂದೆಯಿಲ್ಲದ ಹುಡುಗ ಮಿಕೆಲೆ ರೂವಾ, 1888ರಲ್ಲಿ ಅವರ ಉತ್ತರಾಧಿಕಾರಿಯಾಗಿ ಸಂಘದ ಭಾರವನ್ನು ಹೊತ್ತನು.